ತಗ್ಗಿದ ದನಿಯ ತಾಕತ್ತು

2002ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಒಬ್ಬ ಹುಡುಗಿಯ ಮೊದಲ ಆಲ್ಬಮ್ ಬಂತು. ಆಗ ಆಕೆಗೆ ಇಪ್ಪತ್ತೆರಡು ವರ್ಷ. ಹೆಸರು ನೋರಾ ಜೋನ್ಸ್. ನಮ್ಮ ಸಿತಾರ್ ವಾದಕ ಪಂಡಿತ ರವಿಶಂಕರ್ ಅವರ ಮಗಳು. ಬೆಳೆದದ್ದು ಮಾತ್ರ ಟೆಕ್ಸಾಸಿನಲ್ಲಿ, ತಾಯಿಯ ಹತ್ತಿರ. ‘ಕಮ್ ಅವೇ ವಿತ್ ಮಿ’ ಎಂಬ ಆ ಆಲ್ಬಮ್ಮನ್ನು ಹೊರತಂದದ್ದು ಬ್ಲೂ ನೋಟ್. 1939ರಿಂದ ಜಾಝ್ ಸಂಗೀತವನ್ನೇ ನಂಬಿಕೊಂಡು ಬಂದ ಕಂಪನಿ. ಒಂದು ಪಿಯಾನೋ, ಒಂದೆರಡು ಗಿಟಾರು, ಒಂದು ಬಾಸ್, ಮೆತ್ತಗಿನ ಡ್ರಮ್ಮು. ಇಷ್ಟರ ನಡುವೆ ಆ ಹುಡುಗಿ ಎಲ್ಲೂ ಕೂಗದೆ, ಎದುರು ಕೂತವರ ಜೊತೆ ಮಾತಾಡುವಷ್ಟೇ ದನಿಯಲ್ಲಿ ಹಾಡಿದಳು. ಮರುವರ್ಷ ಗ್ರ್ಯಾಮಿ ಸಮಾರಂಭದಲ್ಲಿ ಆಕೆಗೆ ಐದು ಪ್ರಶಸ್ತಿಗಳು ಬಂದವು. ವರ್ಷದ ಆಲ್ಬಮ್ ಎಂಬ ಮನ್ನಣೆಯೂ ಅದಕ್ಕೇ ಸಿಕ್ಕಿತು. ಪ್ರತಿಗಳು ಎರಡು ಕೋಟಿ ಮೀರಿ ಮಾರಾಟವಾದವು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯಿಂದ ಈ ಮಾತು ಕೇಳುತ್ತಿರುವ ಹುಡುಗ ಹುಡುಗಿಯರಿಗೆ ಹಾಡುವ ಆಸೆ ಇದ್ದರೆ, ಇವತ್ತಿನ ನನ್ನ ಮಾತು ಅವರಿಗಾಗಿ. ಅವರಿಗೆ ಹಾಡು ಕಲಿಸುವ ಗುರುಗಳಿಗೂ, ಅವರನ್ನು ವೇದಿಕೆಗೆ ಕರೆದುಕೊಂಡು ಹೋಗುವ ತಾಯಿತಂದೆಗಳಿಗೂ ಸೇರಿ. ಹೇಳಬೇಕಾದದ್ದು ಒಂದೇ ಸಂಗತಿ: ಮೆಲ್ಲಗೆ ಹಾಡುವವರಿಗೆ ದನಿ ಇಲ್ಲ ಅಂತಲ್ಲ. ಬಹಳ ಸಲ ಅವರಲ್ಲೇ ಹೆಚ್ಚು ಬಲ ಇರುತ್ತದೆ.

ನಮ್ಮ ಭಾಗ ದೊಡ್ಡ ದನಿಯ ಭಾಗ. ಶಹಾಬಾದಿನ ಗಣಿಗಳಲ್ಲಿ ಫರಸಿ ಸೀಳುವ ಸುತ್ತಿಗೆ, ಅದನ್ನು ನುಣುಪು ಮಾಡುವ ಪಾಲಿಶ್ ಮಶೀನು. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು. ಇನ್ನು ನಿಜಾಮರ ರೈಲು 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಹಾದು ಸಿಕಂದರಾಬಾದಿಗೆ ಓಡತೊಡಗಿದ ಮೇಲೆ ಗಾಡಿಗಳ ಸದ್ದಿಗೆ ಬಿಡುವೆಂಬುದೇ ಇಲ್ಲ. ಇಂಥ ಕಡೆ ಹಾಡು ಕೇಳಿಸಬೇಕಾದರೆ ಎದೆ ತೆರೆದೇ ಹಾಡಬೇಕು. ಬಯಲಾಟದ ಪಾತ್ರಧಾರಿ, ಮೊಹರಂ ಪದ ಹೇಳುವವರು, ಗೀಗೀ ಮೇಳದವರು, ರಾತ್ರಿಯಿಡೀ ಭಜನೆ ಮಾಡುವವರು, ಇವರೆಲ್ಲ ಮೈಕು ಬರುವ ಮುಂಚಿನ ಕಾಲದಿಂದ ಬಯಲಿನಲ್ಲಿ ಹಾಡಿಕೊಂಡು ಬಂದವರು. ಆ ದನಿಗೆ ಅದರದೇ ಘನತೆ ಇದೆ. ಅದನ್ನು ಕೇಳುತ್ತಲೇ ನಾನೂ ಬೆಳೆದದ್ದು. ಅದರ ಬಗ್ಗೆ ಒಂದು ಮಾತೂ ಕಡಿಮೆ ಆಡಲಾರೆ.

ಆದರೆ ಮೈಕು ಎದುರಿಗಿದ್ದರೂ ಬಯಲಿನ ದನಿಯನ್ನೇ ಕೇಳುವುದಿದೆಯಲ್ಲ, ಅಲ್ಲಿ ಮಕ್ಕಳಿಗೆ ಅನ್ಯಾಯವಾಗುತ್ತದೆ. ಒಂದು ಶಾಲಾ ಸ್ಪರ್ಧೆ. ಎಂಟನೆಯದೋ ಒಂಬತ್ತನೆಯದೋ ಓದುವ ಹುಡುಗಿ ಭಾವಗೀತೆ ಹಾಡಲು ನಿಂತಿದ್ದಳು. ಎರಡೂ ಕೈಯಲ್ಲಿ ಮೈಕು ಹಿಡಿದು, ಗದ್ದದ ಹತ್ತಿರ ತಂದುಕೊಂಡು, ಕಣ್ಣು ನೆಲಕ್ಕೆ ನೆಟ್ಟು ಶುರು ಮಾಡಿದಳು. ದನಿ ಸಣ್ಣದು. ಆದರೆ ಷಡ್ಜದ ಮೇಲೆ ನಿಂತಾಗ ಅಲುಗಲಿಲ್ಲ. ಪಲ್ಲವಿ ಮುಗಿಯುವ ಮೊದಲೇ ಪಕ್ಕದಿಂದ ಒಬ್ಬರು ಕೈ ಮೇಲೆತ್ತಿ ಸನ್ನೆ ಮಾಡಿದರು: “ಜರಾ ದನಿ ಎತ್ತವ್ವಾ, ಹಿಂದ ಕುಂತೋರಿಗಿ ಕೇಳಬೇಕು!” ಹುಡುಗಿ ಎತ್ತಿದಳು. ಅಷ್ಟೇ, ಶ್ರುತಿ ಮೇಲಕ್ಕೆ ಜಾರಿತು, ಕೊರಳಿನ ನರ ಉಬ್ಬಿತು, ಚರಣಕ್ಕೆ ಬರುವಷ್ಟರಲ್ಲಿ ಉಸಿರು ಸಾಲದೆ ಹೋಯಿತು. ಮೈಕಿನ ಪೆಟ್ಟಿಗೆಯ ಮುಂದೆ ಕೂತಿದ್ದವನು ಒಂದು ಗುಂಡಿ ತಿರುಗಿಸಿದ್ದರೆ ಮುಗಿಯುವ ಕೆಲಸ ಅದು.

ದನಿಯನ್ನು ದೂರಕ್ಕೆ ಮುಟ್ಟಿಸುವ ಕೆಲಸ ಕೊರಳಿನಿಂದ ಯಂತ್ರಕ್ಕೆ ದಾಟಿ ಸುಮಾರು ನೂರು ವರ್ಷವಾಯಿತು. ಮೊದಲು ಗ್ರಾಮಫೋನಿಗೆ ಹಾಡುವವರು ಒಂದು ದೊಡ್ಡ ಕೊಳವೆಯ ಬಾಯಿಗೆ ಮುಖ ಕೊಟ್ಟು ಹಾಡಬೇಕಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದು ಹಾಗೆಯೇ. ದನಿಯ ಒತ್ತಡದಿಂದಲೇ ಸೂಜಿ ಅಲುಗಿ ಮೇಣದ ಮೇಲೆ ಗೀರು ಬೀಳಬೇಕಿತ್ತು. ಮೆಲುದನಿಗೆ ಅಲ್ಲಿ ಜಾಗವೇ ಇರಲಿಲ್ಲ. 1925ರಲ್ಲಿ ಮೈಕ್ರೋಫೋನಿನ ಮೂಲಕ ಧ್ವನಿಮುದ್ರಣ ಶುರುವಾಯಿತು. ಉಸಿರು, ತುಟಿಯ ಅಲುಗು, ಪದದ ಕೊನೆಯಲ್ಲಿ ಕರಗುವ ಅನುಸ್ವಾರ ಎಲ್ಲವೂ ಹಿಡಿಯುವುದಕ್ಕೆ ಸಿಕ್ಕವು. ಅಮೆರಿಕದಲ್ಲಿ ಬಿಂಗ್ ಕ್ರಾಸ್ಬಿ ಆ ಮೈಕಿಗೆ ತಕ್ಕ ಹಾಡುಗಾರಿಕೆಯನ್ನೇ ರೂಢಿಸಿಕೊಂಡರು. 1933ರಲ್ಲಿ ಮೊದಲ ಸಲ ರೆಕಾರ್ಡಿಗೆ ಹಾಡಿದ ಬಿಲ್ಲಿ ಹಾಲಿಡೇ ಅವರ ದನಿಯ ಹರವು ಒಂದು ಸಪ್ತಕಕ್ಕಿಂತ ತುಸು ಹೆಚ್ಚು, ಅಷ್ಟೇ. ತಾಳಕ್ಕಿಂತ ಒಂದೆಳೆ ಹಿಂದೆ ಉಳಿದು, ಒಂದು ಪದವನ್ನು ಎಲ್ಲಿ ಇಳಿಸಬೇಕೋ ಅಲ್ಲೇ ಇಳಿಸಿ, ಆ ಸಣ್ಣ ದನಿಯಲ್ಲೇ ಜಾಝ್ ಗಾಯನದ ದಿಕ್ಕು ಬದಲಿಸಿದರು.

ಬ್ರೆಜಿಲ್ಲಿನ ಜುಆಸೇರು ಎಂಬ ಊರಿನ ಒಬ್ಬ ಯುವಕನ ಬಗ್ಗೆ ತುಸು ಹೆಚ್ಚು ಹೇಳಬೇಕು. ಅದು ದೊಡ್ಡ ನಗರಗಳಿಂದ ದೂರದ ಊರು. ನಮ್ಮ ಕಡೆಯ ಹಾಗೆ ಬಿಸಿಲಿನ ಸೀಮೆ, ಹತ್ತಿರ ಒಂದು ನದಿ. ಅಲ್ಲಿ 1931ರಲ್ಲಿ ಹುಟ್ಟಿದವರು ಜುಆಂ ಜಿಲ್ಬೆರ್ತು. ರಿಯೋ ನಗರಕ್ಕೆ ಹೋಗಿ, ಅಲ್ಲಿ ನೆಲೆ ಸಿಗದೆ, ಅಕ್ಕನ ಮನೆಯಲ್ಲಿ ತಂಗಿದ್ದಾಗ ಗಂಟೆಗಟ್ಟಲೆ ಬಚ್ಚಲುಮನೆಯಲ್ಲಿ ಗಿಟಾರು ಹಿಡಿದು ಕೂತಿರುತ್ತಿದ್ದರು ಎನ್ನುತ್ತಾರೆ. ಟೈಲ್ಸಿನ ಗೋಡೆಗೆ ಬಡಿದು ತಿರುಗಿ ಬರುತ್ತಿದ್ದ ತನ್ನದೇ ದನಿಯನ್ನು ಕೇಳುತ್ತ, ಎಷ್ಟು ಕಡಿಮೆ ಹಾಡಿದರೆ ಸಾಕು ಎಂದು ಅಳೆಯುತ್ತಿದ್ದರು. ಕೊರಳನ್ನು ನಡುಗಿಸುವ ಹಳೆಯ ರೂಢಿಯನ್ನು ಬಿಟ್ಟರು. ದನಿ ಸಪಾಟಾಗಿ, ಮಾತಿನ ಹತ್ತಿರಕ್ಕೆ ಬಂತು. 1958ರಲ್ಲಿ ಅವರ ರೆಕಾರ್ಡು ಬಂದಾಗ ಬೋಸಾ ನೋವಾ ಎಂಬ ಹೊಸ ಧಾಟಿಯೇ ಹುಟ್ಟಿತು. 1964ರಲ್ಲಿ ಸ್ಯಾಕ್ಸೋಫೋನ್ ವಾದಕ ಸ್ಟಾನ್ ಗೆಟ್ಸ್ ಜೊತೆ ಬಂದ ಆಲ್ಬಮ್ಮಿನಲ್ಲಿ ಅವರ ಪತ್ನಿ ಆಸ್ತ್ರೂದ್ ಹಾಡಿದರು. ಅದಕ್ಕೆ ಮುಂಚೆ ಆಕೆ ವೃತ್ತಿಯಾಗಿ ಹಾಡಿದವರೇ ಅಲ್ಲ. ಆ ಆಲ್ಬಮ್ಮಿಗೂ ಗ್ರ್ಯಾಮಿಯಲ್ಲಿ ವರ್ಷದ ಆಲ್ಬಮ್ ಮನ್ನಣೆ ಸಿಕ್ಕಿತು. ಸುಮಾರು ನಾಲ್ಕು ದಶಕಗಳ ನಂತರ ನೋರಾ ಜೋನ್ಸ್ ನಡೆದದ್ದು ಇಂಥವರು ಸವೆಸಿದ ಹಾದಿಯಲ್ಲೇ.

ಇದೆಲ್ಲ ಹೊರದೇಶದ ಮಾತಾಯಿತು. ನಮ್ಮ ಕನ್ನಡ ನಾಡಿನಲ್ಲಿ ಜಾಝ್ ಹಾಡುವವರು ಯಾರಿದ್ದಾರೆ ಎಂದು ಕೇಳಿದರೆ ನಾನು ಮೊದಲು ಹೇಳುವ ಹೆಸರು ಆರ್.ಎ. ರಮಾಮಣಿ.

ಬೆಂಗಳೂರಿನಲ್ಲಿ ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಅವರು 1964ರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ಶಾಲೆ ಕಟ್ಟಿದರು. ಮೃದಂಗ, ಘಟ, ಖಂಜಿರ, ಮೋರ್ಚಿಂಗ್, ಬಾಯಲ್ಲೇ ಲಯದ ಸೊಲ್ಲು ನುಡಿಯುವ ಕೊನ್ನಕೋಲು, ಅಂದರೆ ಲಯಕ್ಕೆ ಸಂಬಂಧಪಟ್ಟ ವಿದ್ಯೆಗಳಿಗೇ ಮೀಸಲಾದ ಶಾಲೆ. ಪಕ್ಕವಾದ್ಯ ಎಂದು ಬದಿಗೆ ಕೂರಿಸುತ್ತಿದ್ದ ವಾದ್ಯಗಳನ್ನು ಮಣಿಯವರು ಮುಂದಕ್ಕೆ ತಂದರು. ಅವರ ಪತ್ನಿ ರಮಾಮಣಿ ಕರ್ನಾಟಕ ಸಂಗೀತದಲ್ಲಿ ನುರಿತ ಗಾಯಕಿ. ಜರ್ಮನಿಯ ಎಂಬ್ರಿಯೊ ಎಂಬ ಸಂಗೀತ ತಂಡ ಎಪ್ಪತ್ತರ ದಶಕದ ಕೊನೆಯಲ್ಲಿ ಬಸ್ಸು ಕಟ್ಟಿಕೊಂಡು, ದಾರಿಯುದ್ದಕ್ಕೂ ಅಲ್ಲಲ್ಲಿನ ಕಲಾವಿದರ ಜೊತೆ ನುಡಿಸುತ್ತ ಭಾರತಕ್ಕೆ ಬಂದಾಗ ಈ ಶಾಲೆಯವರೊಡನೆಯೂ ಕೂಡಿ ನುಡಿಸಿತು. ಹೀಗೆ ಯುರೋಪಿಗೂ ಈ ಕೂಟಕ್ಕೂ ನಂಟು ಬೆಳೆಯಿತು.

ಈ ಕೂಟಕ್ಕೆ ಹತ್ತಿರವಾದ ಇನ್ನೊಬ್ಬರು ಚಾರ್ಲಿ ಮರಿಯಾನೋ. 1923ರಲ್ಲಿ ಬಾಸ್ಟನ್ನಿನಲ್ಲಿ, ಇಟಲಿಯಿಂದ ವಲಸೆ ಬಂದ ಮನೆತನದಲ್ಲಿ ಹುಟ್ಟಿದ ಸ್ಯಾಕ್ಸೋಫೋನ್ ವಾದಕ. ಚಾರ್ಲ್ಸ್ ಮಿಂಗಸ್ ಅವರಂಥ ಘಟಾನುಘಟಿಗಳ ಜೊತೆ ನುಡಿಸಿದವರು. ಅಷ್ಟು ಹೆಸರು ಮಾಡಿದ್ದ ಮನುಷ್ಯ ನಡುವಯಸ್ಸಿನಲ್ಲಿ ನಮ್ಮ ದಕ್ಷಿಣ ಭಾರತದ ನಾಗಸ್ವರಕ್ಕೆ ಮನಸೋತು, ಶಿಷ್ಯನಾಗಿ ಕೂತು ಅದನ್ನು ಕಲಿತರು. ಅವರ ಈ ಗುಣವೇ ನನಗೆ ಬಹಳ ಹಿಡಿಸುತ್ತದೆ. ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿದ್ದನ್ನು ನೀವು ಇದೇ ಆಕಾಶವಾಣಿಯಲ್ಲಿ ಕೇಳಿದ್ದೀರಿ. ಮರಿಯಾನೋ ಅವರದು ಅದರ ಎದುರು ದಾರಿ: ಸ್ಯಾಕ್ಸೋಫೋನಿನಿಂದ ಹೊರಟು ನಾಗಸ್ವರದ ಗಮಕದವರೆಗೆ ಬಂದ ದಾರಿ.

1983ರ ಫೆಬ್ರವರಿಯಲ್ಲಿ ಮರಿಯಾನೋ ಮತ್ತು ಈ ಶಾಲೆಯ ಕಲಾವಿದರು ಜರ್ಮನಿಯ ಲುಡ್ವಿಗ್ಸ್‌ಬುರ್ಗ್ ಎಂಬ ಊರಿನ ಸ್ಟುಡಿಯೋದಲ್ಲಿ ಕೂಡಿದರು. ಅಲ್ಲಿ ಮುದ್ರಣವಾದ ಆಲ್ಬಮ್ಮಿನ ಹೆಸರು ‘ಜ್ಯೋತಿ’. ಹೊರತಂದದ್ದು ಮ್ಯೂನಿಕ್ಕಿನ ಇಸಿಎಂ ಕಂಪನಿ. ಮಾನ್‌ಫ್ರೆಡ್ ಐಕರ್ 1969ರಲ್ಲಿ ಶುರು ಮಾಡಿದ ಈ ಕಂಪನಿ ಮುದ್ರಣದ ನಿರ್ಮಲತೆಗೆ ಹೆಸರಾದದ್ದು. ಇಲ್ಲಿ ವಾದ್ಯ ಮತ್ತು ವಾದ್ಯದ ನಡುವಿನ ತೆರವೂ ಕೇಳುತ್ತದೆ. ಮರಿಯಾನೋ ಸೊಪ್ರಾನೊ ಸ್ಯಾಕ್ಸೋಫೋನು ಮತ್ತು ಕೊಳಲು ನುಡಿಸಿದರು, ರಮಾಮಣಿ ಹಾಡಿ, ತಂಬೂರಿ ಮೀಟಿದರು, ಮಣಿ ಮೃದಂಗ ನುಡಿಸಿದರು, ಆರ್.ಎ. ರಾಜಗೋಪಾಲ್ ಘಟ, ಮೋರ್ಚಿಂಗ್, ಕೊನ್ನಕೋಲಿಗೆ, ಟಿ.ಎನ್. ಶಶಿಕುಮಾರ್ ಖಂಜಿರ ಮತ್ತು ಕೊನ್ನಕೋಲಿಗೆ. ಪಿಯಾನೋ ಇಲ್ಲ, ಗಿಟಾರಿಲ್ಲ, ಡ್ರಮ್ ಸೆಟ್ಟಿಲ್ಲ. ಐದು ಜನ, ಆರು ರಚನೆ. ವಂದನಂ, ವರ್ಷಿಣಿ, ಸಪ್ತರ್ಷಿ, ಕಾರ್ತಿಕ್ ಎಂಬ ಹೆಸರಿನವು ನಡುವೆ, ಕೊನೆಯದು ಭಜನ್. ಎಲ್ಲಕ್ಕೂ ಮೊದಲು ಬರುವ ರಚನೆಗೆ ವಾಯ್ಸ್ ಸೋಲೋ ಎಂದೇ ಹೆಸರು. ಖ್ಯಾತ ಸ್ಯಾಕ್ಸೋಫೋನ್ ವಾದಕನ ಹೆಸರು ಹೊತ್ತ ಆಲ್ಬಮ್ಮಿನ ಬಾಗಿಲು ತೆರೆಯುವುದು ಬೆಂಗಳೂರಿನ ಹೆಣ್ಣುಮಗಳ ದನಿಯಿಂದ. ಈ ಒಂದು ನಿರ್ಧಾರಕ್ಕೇ ನಾನು ಆ ಕೂಟಕ್ಕೆ ಕೈ ಮುಗಿಯುತ್ತೇನೆ.

ಈ ಆಲ್ಬಮ್ಮನ್ನು ಕೇಳಲು ಕೂತಾಗ ಮೊದಲು ಗಮನಿಸಬೇಕಾದದ್ದು ರಮಾಮಣಿ ಅವಸರ ಪಡದಿರುವುದನ್ನು. ತಾಳವಾದ್ಯದವರು ಮೂವರು ಇದ್ದಾರೆ. ಮೂವರೂ ಕೈ ಬಿಟ್ಟರೆ ಎಂಥ ದನಿಯನ್ನೂ ಮುಳುಗಿಸಬಲ್ಲರು. ಅವರು ಹಾಗೆ ಮಾಡುವುದಿಲ್ಲ; ಆಕೆಯೂ ಅವರ ಮೇಲೆ ಎದ್ದು ಕೂಗುವುದಿಲ್ಲ. ಆಲಾಪ, ಸ್ವರ, ಲಯದ ಸೊಲ್ಲು ಒಂದರಿಂದ ಇನ್ನೊಂದಕ್ಕೆ ದಾಟುವಾಗಲೂ ದನಿಯ ತೂಕ ಏರುಪೇರಾಗುವುದಿಲ್ಲ. ಸ್ಯಾಕ್ಸೋಫೋನು ಒಂದು ಮಾತು ಹೇಳಿದರೆ ಅದನ್ನು ಕೇಳಿಸಿಕೊಂಡು ಉತ್ತರ ಕೊಡುವಷ್ಟು ತಾಳ್ಮೆ ಇದೆ. ಜಾಝ್‌ನ ಜೀವವೇ ಈ ಕೇಳಿಸಿಕೊಳ್ಳುವಿಕೆ. ಜಾಝ್ ಕಲಾವಿದರು ಒಂದು ಹಾಡಿನ ಆವರ್ತನವನ್ನು ಮನಸ್ಸಿನಲ್ಲಿ ತಿರುಗಿಸುತ್ತಲೇ ಇದ್ದು, ಅದರ ಮೇಲೆ ಆ ಗಳಿಗೆಗೆ ಹೊಳೆದದ್ದನ್ನು ಕಟ್ಟುತ್ತಾರೆ. ಖಯಾಲು ಹಾಡುವವರು ಬಂದಿಶ್ ಹಿಡಿದು ಬಢತ್ ಮಾಡುವುದನ್ನು ಕೇಳಿ ಬಲ್ಲ ನಮ್ಮ ಕಡೆಯ ಕಿವಿಗೆ ಇದು ಹೊಸದಲ್ಲ. ವ್ಯತ್ಯಾಸ ಇರುವುದು ಕೂಟದಲ್ಲಿ: ಜಾಝ್‌ನಲ್ಲಿ ಒಬ್ಬರು ಹಾಡುವಾಗ ಉಳಿದವರೂ ಸರದಿಯಲ್ಲಿ ತಮ್ಮ ಮಾತು ಸೇರಿಸುತ್ತಾರೆ, ಯಾರಿಗೂ ಕಾಯಂ ಪಕ್ಕವಾದ್ಯದ ಜಾಗ ಇಲ್ಲ.

ರಮಾಮಣಿ ಮಾಡಿದ ಇನ್ನೊಂದು ಕೆಲಸ ನಮ್ಮ ಹುಡುಗಿಯರಿಗೆ ಮುಖ್ಯ. ಜಾಝ್ ಹಾಡಬೇಕೆಂದು ಆಕೆ ಅಮೆರಿಕದ ಉಚ್ಚಾರವನ್ನು ಕಲಿಯಲು ಹೋಗಲಿಲ್ಲ. ತಮ್ಮ ಗಮಕ, ತಮ್ಮ ಸ್ವರ, ತಮ್ಮ ತಾಳ ಹಿಡಿದುಕೊಂಡೇ ಹೋದರು. ಐದು, ಏಳು ಎಣಿಕೆಯ ನಡೆಗಳನ್ನು ನೀರು ಕುಡಿದಷ್ಟು ಸಲೀಸಾಗಿ ಹಾಡುವವರ ಎದುರು ಜಾಝ್ ಕಲಾವಿದರೇ ಎಣಿಕೆ ಕಲಿಯಬೇಕಾಯಿತು. ಕೈಯಲ್ಲಿ ಸ್ವಂತದ್ದು ಇದ್ದವರನ್ನು ಹೊರಗಿನವರು ಗೌರವದಿಂದ ಕೂಡಿಸಿಕೊಳ್ಳುತ್ತಾರೆ.

ನಮ್ಮ ಕೈಯಲ್ಲಿ ಏನಿದೆ?

ಮೆಲುದನಿ ನಮಗೆ ಅಪರಿಚಿತವಲ್ಲ ಎಂಬುದನ್ನು ಮೊದಲು ನೆನೆಯೋಣ. ಕಿರಾಣಾ ಘರಾನೆಯ ಅಬ್ದುಲ್ ಕರೀಂ ಖಾನರ ದನಿ, ಅವರ ಮಗಳು ಹೀರಾಬಾಯಿ ಬಡೋದೇಕರರ ದನಿ ಇವೆಲ್ಲ ಒತ್ತಡವೇ ಇಲ್ಲದ ದನಿಗಳು. ಸ್ವರದ ಮೇಲೆ ಮೆತ್ತಗೆ ಕಾಲೂರಿ ಅಲ್ಲೇ ನಿಲ್ಲುವುದನ್ನು ಧಾರವಾಡದ ಕಡೆಯ ಅನೇಕರು ಕಲಿತದ್ದು ಆ ಘರಾನೆಯಿಂದಲೇ. ಸಿನಿಮಾ ಕಡೆ ಬಂದರೆ, 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದಲ್ಲಿ ಜಿ.ಕೆ. ವೆಂಕಟೇಶ್ ಅವರ ಸಂಗೀತಕ್ಕೆ ಡಾ. ರಾಜ್‌ಕುಮಾರ್ ಹಾಡಿದ ಇಂಗ್ಲಿಷ್ ಹಾಡು ಯಾರಿಗೆ ಗೊತ್ತಿಲ್ಲ? ನಾಟಕ ಕಂಪನಿಯ ರಂಗದ ಮೇಲೆ, ಮೈಕಿನ ಆಸರೆ ಇಲ್ಲದೆ ಕೊನೆಯ ಸಾಲಿಗೂ ಕೇಳುವ ಹಾಗೆ ಹಾಡಿ ಬೆಳೆದವರು ಅವರು. ಆ ಹಾಡಿಗೆ ಬೇಕಾದಾಗ ದನಿಯನ್ನು ಎಷ್ಟು ಹದವಾಗಿ ಇಳಿಸಿಕೊಂಡಿದ್ದಾರೆ, ಮತ್ತೊಮ್ಮೆ ಕಿವಿಗೊಟ್ಟು ಕೇಳಿ. ಮುಂಬೈಯಲ್ಲಿ ಗೋವೆಯ ಕಲಾವಿದರು ಜಾಝನ್ನು ಹಿಂದಿ ಸಿನಿಮಾದೊಳಗೆ ತಂದದ್ದೂ ನಮ್ಮ ಭಾಗಕ್ಕೆ ತಲುಪಿದೆ. ಟ್ರಂಪೆಟ್ ವಾದಕ ಚಿಕ್ ಚಾಕೊಲೇಟ್ 1951ರ ‘ಅಲ್ಬೇಲಾ’ ಚಿತ್ರಕ್ಕೆ ಸಿ. ರಾಮಚಂದ್ರ ಅವರ ಜೊತೆ ಕೆಲಸ ಮಾಡಿದವರು. ರೇಡಿಯೋದಲ್ಲಿ ಆ ಚಿತ್ರದ ಹಾಡು ಕೇಳಿ ಕಾಲು ಕುಣಿಸಿದ ನಮ್ಮ ಹಿರಿಯರು ಹೆಸರು ತಿಳಿಯದೆಯೇ ಜಾಝ್ ಕೇಳಿದ್ದರು.

ಇದಕ್ಕಿಂತ ಆಳದ ನಂಟು ಇನ್ನೊಂದಿದೆ. ಜಾಝ್‌ನ ಬೇರು ಇರುವುದು ಕಪ್ಪು ಜನರ ದುಡಿಮೆಯ ಹಾಡುಗಳಲ್ಲಿ. ಹತ್ತಿ ಹೊಲದಲ್ಲಿ, ರೈಲು ಹಳಿ ಹಾಕುವ ಕಡೆ, ಒಬ್ಬರು ಹೇಳಿ ಉಳಿದವರು ತಿರುಗಿ ಹೇಳುತ್ತ ಕಟ್ಟಿದ ಹಾಡುಗಳು. ಬ್ಲೂಸ್ ಹುಟ್ಟಿದ್ದು ಅಲ್ಲಿಂದ. ಅದರಲ್ಲಿ ಗಾಂಧಾರ, ನಿಷಾದಗಳು ಶುದ್ಧವೂ ಅಲ್ಲದೆ ಕೋಮಲವೂ ಅಲ್ಲದೆ ನಡುವೆ ಬಾಗುತ್ತವೆ. ಪಿಯಾನೋದ ಮನೆಗಳಲ್ಲಿ ಆ ಸ್ವರ ಇಲ್ಲ. ಕೊರಳಿನಲ್ಲಿ ಇದೆ. ಈಗ ನಮ್ಮ ತೊಗರಿ ಹೊಲಗಳನ್ನು ನೆನೆಯಿರಿ. ಸೇಡಂ, ಚಿತ್ತಾಪುರದ ಎರೆಭೂಮಿಯಲ್ಲಿ ಸಾಲು ಹಿಡಿದು ಕಳೆ ತೆಗೆಯುವ ಹೆಣ್ಣುಮಕ್ಕಳು ಹಾಡುವುದೂ ಹೀಗೆಯೇ, ಒಬ್ಬಾಕೆ ಎತ್ತಿಕೊಟ್ಟು ಮಿಕ್ಕವರು ಹಿಡಿದುಕೊಂಡು. ಚಿಂಚೋಳಿಯ ತಾಂಡಾಗಳಲ್ಲಿ ಮದುವೆಯಾಗಿ ಹೋಗುವ ಲಂಬಾಣಿ ಹುಡುಗಿ ತಾಯಿಯ, ಗೆಳತಿಯರ ಕೊರಳು ತಬ್ಬಿ ಹೇಳುವ ಢಾವಲೋ ಇದೆಯಲ್ಲ, ಅದರಲ್ಲಿ ಅಳು ಎಲ್ಲಿ ಮುಗಿದು ಹಾಡು ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯಲಾಗದು. ಸ್ವರ ಬಾಗುತ್ತದೆ, ಉಸಿರು ಮುರಿಯುತ್ತದೆ, ಮಾತು ಆ ಹೊತ್ತಿಗೆ ತಾನಾಗಿ ಕೂಡುತ್ತದೆ. ಬ್ಲೂಸ್ ಹಾಡುವವರಿಗೆ ಇದನ್ನು ಕೇಳಿಸಿದರೆ ಭಾಷೆ ತಿಳಿಯದಿದ್ದರೂ ತಮ್ಮದೆಂದು ಗುರುತು ಹಿಡಿದಾರು.

ಕಾಗಿಣಾ ದಂಡೆಯ ಮಳಖೇಡದಲ್ಲಿ, ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ‘ಕವಿರಾಜಮಾರ್ಗ’ ಬರೆದ ಶ್ರೀವಿಜಯ, ಓದು ಕಲಿಯದವರೂ ಕಾವ್ಯ ಕಟ್ಟಬಲ್ಲವರು ಈ ನಾಡಿನವರು ಎಂದು ಬರೆದಿಟ್ಟ. ಚತ್ತಾಣ, ಬೆದಂಡೆ ಎಂಬ ಹಳೆಯ ಪದ್ಯಜಾತಿಗಳನ್ನೂ ಹೆಸರಿಸಿದ. ನಿಂತ ಜಾಗದಲ್ಲೇ ಪದ ಕಟ್ಟುವ ವಿದ್ಯೆಗೆ ನಮ್ಮದೇ ಸೇಡಂ ತಾಲೂಕಿನಲ್ಲಿ ಹನ್ನೊಂದು ಶತಮಾನಕ್ಕೂ ಹಿಂದಿನ ಸಾಕ್ಷಿ ಇದೆ. ಆಮೇಲೆ ತತ್ವಪದಕಾರರು ಬಂದರು. ಕಡಕೋಳ ಮಡಿವಾಳಪ್ಪನವರ ಪದಗಳು ನಮ್ಮ ಊರೂರಲ್ಲೂ ಏಕತಾರಿ, ದಮ್ಮಡಿಯ ಜೊತೆ ಉಳಿದಿವೆ. ಮಠದ ಕಟ್ಟೆಯ ಮೇಲೆ, ಜನ ಚದುರಿದ ಮೇಲೆ, ಹತ್ತು ಮಂದಿ ಕೂತು ಹಾಡುವಾಗ ಆ ಪದಗಳಿಗೆ ಬರುವ ದನಿಯನ್ನು ನೀವು ಕೇಳಿದ್ದರೆ ನಮ್ಮ ಕಡೆಯಿಂದ ಬರಬೇಕಾದ ಎಂಥ ಆಲ್ಬಮ್ಮಿನ ಕನಸನ್ನು ನಾನು ಕಾಣುತ್ತಿದ್ದೇನೆ ಎಂದು ಹೇಳಬೇಕಾಗಿಲ್ಲ. ಒಂದು ತತ್ವಪದ, ಒಂದು ಬೀಸುವ ಕಲ್ಲಿನ ಪದ, ಒಂದು ಲಾಲಿ, ಒಂದು ಲಂಬಾಣಿ ಹಾಡು. ಜೊತೆಗೆ ಏಕತಾರಿ, ಒಂದು ಗಿಟಾರು, ಬೆರಳ ತುದಿಯಲ್ಲಿ ನುಡಿಸುವ ದಮ್ಮಡಿ. ಸಾಧ್ಯವಾದರೆ ಒಂದು ಕ್ಲಾರಿಯೋನೆಟ್ಟು. ನಮ್ಮ ಮದುವೆಯ ಬ್ಯಾಂಡುಗಳಲ್ಲಿ ಅದನ್ನು ಬಲ್ಲವರು ಇದ್ದಾರೆ, ಅವರಿಗೆ ಮೆಲ್ಲಗೆ ನುಡಿಸುವ ಅವಕಾಶವನ್ನು ಯಾರೂ ಕೊಟ್ಟಿಲ್ಲ.

ಹಾಡುವ ಹುಡುಗಿಗೆ ಈಗ ಕೆಲವು ಕೈಗೆಲಸದ ಮಾತು.

ಮೆಲ್ಲಗೆ ಹಾಡುವುದಕ್ಕೆ ಉಸಿರು ಕಡಿಮೆ ಸಾಕು ಎಂಬುದು ತಪ್ಪು ತಿಳಿವಳಿಕೆ. ಜೋರಾಗಿ ಹಾಡುವಾಗ ಉಸಿರಿನ ರಭಸವೇ ಸ್ವರವನ್ನು ಹೊತ್ತುಕೊಂಡು ಹೋಗುತ್ತದೆ. ಮೆಲ್ಲಗೆ ಹಾಡುವಾಗ ಆ ರಭಸ ಇರುವುದಿಲ್ಲ. ಹೊಟ್ಟೆ, ಪಕ್ಕೆಗಳ ಬಿಗಿತದಿಂದ ಉಸಿರನ್ನು ಎಳೆ ಎಳೆಯಾಗಿ ಬಿಡಬೇಕು. ಸ್ವಲ್ಪ ಸಡಿಲಾದರೆ ಸ್ವರ ಕೆಳಗೆ ಜಾರುತ್ತದೆ, ಸ್ವಲ್ಪ ಹೆಚ್ಚಾದರೆ ಬರೀ ಗಾಳಿ ಕೇಳುತ್ತದೆ. ಹಿರಿಯ ಗುರುಗಳು ನಸುಕಿನಲ್ಲಿ ಮಂದ್ರ ಷಡ್ಜ ಹಿಡಿಸುತ್ತಿದ್ದದ್ದು ಇದಕ್ಕೇ. ಸಿನಿಮಾ ಹಾಡಿನ ಶ್ರುತಿಗೆ ಜೋತು ಬೀಳಬೇಡಿ. ಮೊಬೈಲಿನಲ್ಲಿ ತಂಬೂರಿ ಆ್ಯಪ್ ಇದೆ. ಒಂದು ಮನೆ, ಒಂದೂವರೆ ಮನೆ ಕೆಳಗೆ ಇಳಿಸಿ ನೋಡಿ. ಮಾತಾಡುವಾಗ ನಿಮ್ಮ ದನಿ ಎಲ್ಲಿ ಸಹಜವಾಗಿ ಕೂಡುತ್ತದೋ ಅದರ ಆಸುಪಾಸಿನಲ್ಲೇ ನಿಮ್ಮ ಶ್ರುತಿ ಸಿಗುತ್ತದೆ.

ನಮ್ಮ ಕಡೆ ಮನೆಗಳಲ್ಲಿ ನೆಲಕ್ಕೆ ಫರಸಿ, ಎಷ್ಟೋ ಹಳೆಯ ಮನೆಗಳಲ್ಲಿ ಮೇಲೂ ಫರಸಿ. ಶಹಾಬಾದಿ ಕಲ್ಲಿನ ಇಂಥ ಖಾಲಿ ಕೋಣೆ ರಿಯಾಜಿಗೆ ಬಹಳ ಒಳ್ಳೆಯದು. ಜುಆಂ ಜಿಲ್ಬೆರ್ತು ಅವರ ಬಚ್ಚಲುಮನೆಯ ಹಾಗೆ ನಿಮ್ಮ ದನಿಯನ್ನು ನಿಮಗೇ ಹಿಂತಿರುಗಿಸುತ್ತದೆ. ಜೋರಾಗಿ ಹಾಡಿದರೆ ಸ್ವರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ, ಮೆಲ್ಲಗೆ ಹಾಡಿದರೆ ಒಂದೊಂದೂ ಬಿಡಿಬಿಡಿಯಾಗಿ ಕೇಳುತ್ತದೆ. ರೆಕಾರ್ಡು ಮಾಡುವಾಗ ಮಾತ್ರ ಈ ಮಾರ್ದನಿ ತೊಂದರೆ ಕೊಡುತ್ತದೆ. ಅದಕ್ಕೆ ಸ್ಟುಡಿಯೋ ಬೇಕಿಲ್ಲ. ಅಜ್ಜಿ ಹೊಲಿದ ಕೌದಿಗಳು ಮನೆಯಲ್ಲಿ ಇರುತ್ತವೆ. ಎರಡನ್ನು ಎದುರಿನ ಗೋಡೆಗೆ ಹಗ್ಗ ಕಟ್ಟಿ ಇಳಿಬಿಡಿ, ಒಂದನ್ನು ಬೆನ್ನ ಹಿಂದೆ, ಒಂದನ್ನು ನೆಲಕ್ಕೆ. ಪದರ ಪದರವಾಗಿ ಹಳೆ ಬಟ್ಟೆ ಕೂಡಿಸಿ ಹೊಲಿದ ಕೌದಿ ದನಿಯನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಫ್ಯಾನು ಬಂದ್ ಮಾಡಿ. ಮೈಕು ಬಾಯಿಂದ ಒಂದು ಗೇಣು ದೂರ ಇರಲಿ, ನೇರ ಎದುರಿಗಲ್ಲದೆ ತುಸು ಓರೆಯಾಗಿ; ಇಲ್ಲದಿದ್ದರೆ ಪಕಾರ, ಬಕಾರ ಬಂದಾಗಲೆಲ್ಲ ಗಾಳಿ ಬಡಿಯುತ್ತದೆ. ಕಸೂತಿ ಹಾಕುವ ರಿಂಗಿಗೆ ತೆಳುವಾದ ಬಟ್ಟೆ ಬಿಗಿದು ಮೈಕಿನ ಮುಂದೆ ಹಿಡಿದರೂ ಆಯಿತು. ತೀರ ಹತ್ತಿರ ಹೋದರೆ ಮೈಕು ದನಿಯ ಕೆಳಭಾಗವನ್ನು ಉಬ್ಬಿಸಿ ತೋರಿಸುತ್ತದೆ. ಮೊದಲು ಅದು ಕಿವಿಗೆ ಹಿತವೆನಿಸುತ್ತದೆ, ಆಮೇಲೆ ಮಾತು ಮಸುಕಾಗುತ್ತದೆ. ವಾಡಿ, ಶಹಾಬಾದ್ ಸ್ಟೇಷನ್ನಿನ ಹತ್ತಿರದವರು ಗಾಡಿಗಳ ವೇಳೆ ನೋಡಿಕೊಂಡೇ ಕೂರಬೇಕು, ಬೇರೆ ಉಪಾಯವಿಲ್ಲ.

ನೋರಾ ಜೋನ್ಸ್ ಅವರನ್ನು ಕೇಳಿ, ಬಿಲ್ಲಿ ಹಾಲಿಡೇ ಅವರನ್ನು ಕೇಳಿ, ‘ಜ್ಯೋತಿ’ಯನ್ನಂತೂ ಕೇಳಲೇಬೇಕು. ಆದರೆ ಅವರ ಹಾಗೆ ಹಾಡಲು ಹೋಗಬೇಡಿ. ಅವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಪದದ ಕೊನೆಯನ್ನು ಹೇಗೆ ಬಿಡುತ್ತಾರೆ, ಜೊತೆಯವರು ನುಡಿಸುವಾಗ ಹೇಗೆ ಸುಮ್ಮನಿರುತ್ತಾರೆ, ಅದನ್ನು ಗಮನಿಸಿ.

ಸ್ಪರ್ಧೆ ನಡೆಸುವ ಶಾಲೆ ಕಾಲೇಜುಗಳ ಗುರುಗಳಿಗೆ ನನ್ನದೊಂದು ವಿನಂತಿ. ಮುಂದಿನ ಸಲ ಮೈಕಿನ ಪೆಟ್ಟಿಗೆಯ ಮುಂದೆ ಕಿವಿ ಇರುವ ಒಬ್ಬರನ್ನು ಕೂರಿಸಿ, ದನಿ ಏರಿಸಿ ಇಳಿಸುವ ಕೆಲಸವನ್ನು ಅವರಿಗೇ ಬಿಡಿ. ಹಾಡುವ ಮೊದಲು ಪ್ರತಿಯೊಂದು ಮಗುವಿಗೂ ತನ್ನ ಶ್ರುತಿ ಹುಡುಕಿಕೊಳ್ಳಲು ಒಂದು ನಿಮಿಷ ಕೊಡಿ. ಸಣ್ಣ ದನಿಯ ಮಗು ಬಂದರೆ ಪಲ್ಲವಿ ಮುಗಿಯುವವರೆಗಾದರೂ ನಡುವೆ ಬಾಯಿ ಹಾಕದೆ ಕೇಳಿ. ಅಂಕ ಹಾಕುವುದು ಆಮೇಲೆ.